ದೊಡ್ಡಪ್ಪ ಪಾಸು ಮಾಡದ ಜಾಡಿ

ಎರಡು ಸಾವಿರ ವರ್ಷ ಹಳೆಯ ಜಾಡಿಯೊಂದನ್ನು ತಪಾಸಣೆ ಮಾಡಿ ‘ಗುಣಮಟ್ಟ ಸಾಲದು’ ಎಂದು ತಿರಸ್ಕರಿಸಿದ ಮನುಷ್ಯ ಇಡೀ ಠಾಣೆ ಜಿಲ್ಲೆಯಲ್ಲಿ ಒಬ್ಬರೇ ಇದ್ದಾರೆ. ಅವರು ನನ್ನ ದೊಡ್ಡಪ್ಪ. ಆ ಜಾಡಿ ಮಾಡಿದ ಕುಂಬಾರ ಮೇಲ್ಮನವಿ ಸಲ್ಲಿಸುವ ಸ್ಥಿತಿಯಲ್ಲಿರಲಿಲ್ಲ, ಅದು ಬೇರೆ ಮಾತು.

ದೊಡ್ಡಪ್ಪ ಠಾಣೆಯ ವಾಗ್ಳೆ ಇಂಡಸ್ಟ್ರಿಯಲ್ ಎಸ್ಟೇಟಿನ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದು ನಿವೃತ್ತರಾದವರು. ಕಾರ್ಖಾನೆ ಬಿಟ್ಟರು, ತಪಾಸಣೆ ಬಿಡಲಿಲ್ಲ. ಡೊಂಬಿವಲಿಯ ಮನೆಯಲ್ಲಿ ದೊಡ್ಡಮ್ಮ ನೀರುದೋಸೆ ಹಾಕಿ ಕೊಟ್ಟರೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, “ಅಂಚು ದಪ್ಪ ಉಂಟು” ಎನ್ನುತ್ತಿದ್ದರು.

“ಹೌದಾ? ಹಾಗಾದ್ರೆ ವಾಪಸ್ ಕೊಡಿ” ಎಂದು ದೊಡ್ಡಮ್ಮ ತಟ್ಟೆಯನ್ನೇ ಎತ್ತಿಕೊಂಡು ಹೋಗುತ್ತಿದ್ದರು.

ಇದನ್ನು ನಾನು ಕಣ್ಣಾರೆ ಕಂಡೆನೋ, ದೊಡ್ಡಮ್ಮನ ಬಾಯಲ್ಲಿ ಕೇಳಿ ಕೇಳಿ ಕಂಡಂತೆ ಮಾಡಿಕೊಂಡೆನೋ, ಹೇಳಲಾರೆ. ನನ್ನ ನೆನಪಿಗೆ ಅಂಚು ಕತ್ತರಿಸಿ ಚೊಕ್ಕ ಮಾಡುವ ಕೆಟ್ಟ ಚಾಳಿಯಿದೆ. ಓದುವವರು ಸ್ವಲ್ಪ ಸೋಸಿಕೊಳ್ಳಬೇಕು.

ಅಪ್ಪನದು ಡೊಂಬಿವಲಿಯಲ್ಲೇ ಸಣ್ಣ ಹೋಟೆಲು. ಪೇಟೆಯ ಹಾಲು ನೀರಾಗುತ್ತ ಬಂದಾಗ ಅಪ್ಪನಿಗೆ ಸ್ವಂತ ಎಮ್ಮೆ ಸಾಕುವ ಹುಚ್ಚು ಹಿಡಿಯಿತು. ಕಲ್ಯಾಣದ ಪಕ್ಕದ ಶಹಾಡಿನಿಂದ ಒಳಗೆ, ಹಳ್ಳಿಯೊಂದರಲ್ಲಿ ತುಂಡು ಜಾಗ ಕೊಂಡು, ಮಳೆಗೆ ಮುಂಚೆ ತಬೇಲ, ಅಂದರೆ ಎಮ್ಮೆ ಕೊಟ್ಟಿಗೆ, ಏಳಬೇಕೆಂದು ಪಾಯ ತೆಗೆಸಿದರು. ಮೇಲ್ವಿಚಾರಣೆಗೆ ದೊಡ್ಡಪ್ಪನನ್ನು ಕರೆದರು. ಅಪ್ಪ ಜೀವನದಲ್ಲಿ ಮಾಡಿದ ತಪ್ಪುಗಳ ಪೈಕಿ ಇದಕ್ಕೆ ಯಾವ ಸ್ಥಾನ ಕೊಡಬೇಕೆಂಬುದರ ಬಗ್ಗೆ ಮನೆಯಲ್ಲಿ ಇನ್ನೂ ಭಿನ್ನಾಭಿಪ್ರಾಯವಿದೆ.

ಮೊದಲ ಕಂಬದ ಗುಂಡಿಯಲ್ಲೇ ಮಡಕೆ ಚೂರುಗಳು ಎದ್ದವು. ಮೇಸ್ತ್ರಿ ಆಚೆ ಎಸೆದ. ದೊಡ್ಡಪ್ಪ ಆರಿಸಿ ತಂದರು. ಕಾರ್ಖಾನೆಯಿಂದ ಬರುವಾಗ ತಂದಿದ್ದ ಬಣ್ಣದ ಚೀಟಿಗಳನ್ನು ಒಂದೊಂದಕ್ಕೂ ಕಟ್ಟಿದರು: ಹಸಿರು ಕಟ್ಟಿದರೆ ಪಾಸು, ಕೆಂಪು ಕಟ್ಟಿದರೆ ರಿಜೆಕ್ಟ್. ಆಮೇಲೆ ಕೆಲಸವನ್ನೇ ನಿಲ್ಲಿಸಿದರು.

“ಕೆಳಗೆ ಎಂತ ಉಂಟು ಅಂತ ನೋಡದೆ ಮೇಲೆ ಕಾಂಕ್ರೀಟ್ ಹಾಕುದಾ?”

“ಅಣ್ಣ, ಎಮ್ಮೆಗೆ ಕೆಳಗಿನದ್ದು ಬೇಡ. ಮೇಲೆ ಒಂದು ತಗಡಿನ ಮಾಡು ಸಾಕು,” ಎಂದರು ಅಪ್ಪ.

ಕೊನೆಗೆ ಹೋಟೆಲಿನ ಗಿರಾಕಿಯೊಬ್ಬರನ್ನು ಕರೆಸಿದ್ದಾಯಿತು. ಧಾರವಾಡ ಕಡೆಯವರು, ಠಾಣೆಯ ಕಾಲೇಜಿನಲ್ಲಿ ಇತಿಹಾಸ ಕಲಿಸುವ ಮೇಡಂ, ಉತ್ಖನನ ಮಾಡಿ ಅನುಭವವಿದ್ದವರು. ಅವರು ಕುತ್ತಿಗೆ ಸಮೇತ ಮುರಿದಿದ್ದ ದಪ್ಪ ಹಿಡಿಕೆಯೊಂದನ್ನು ತಿರುಗಿಸಿ ತಿರುಗಿಸಿ ನೋಡಿದರು.

“ಇದು ಇಲ್ಲಿದಲ್ರೀ. ರೋಮ್ ಕಡಿಂದ ಹಡಗಿನ್ಯಾಗ ವೈನ್ ತುಂಬಿಕೊಂಡು ಬಂದ ಜಾಡಿ. ಆಗ ಕಲ್ಯಾಣ ದೊಡ್ಡ ಬಂದರಾಗಿತ್ತು. ಅದಿರ್ಲಿ, ಇದಕ್ಯಾಕ ಕೆಂಪು ಚೀಟಿ?”

“ಒಂದು ಬದಿ ದಪ್ಪ, ಇನ್ನೊಂದು ಬದಿ ತೆಳು. ನಮ್ಮಲ್ಲಿ ಆಗಿದ್ರೆ ಗೇಟಿನಿಂದ ಹೊರಗೆ ಹೋಗುದಿಲ್ಲ.”

“ರೋಮ್‌ನಿಂದ ಇಲ್ಲಿತನಕಾ ಬಂದದಲ್ರೀ.”

“ಅದೇ ನಾನು ಹೇಳುದು. ಅಲ್ಲಿ ಇನ್‌ಸ್ಪೆಕ್ಷನ್ ಸರಿ ಇರ್ಲಿಲ್ಲ.”

ಮೇಡಂ ಸಂಬಂಧಪಟ್ಟ ಕಚೇರಿಗೆ ತಿಳಿಸಿ, ಒಪ್ಪಿಗೆ ತಂದು, ಜೊತೆಯವರೊಂದಿಗೆ ಕೂತು ಕರಣೆ ಮತ್ತು ಬ್ರಷ್ಷಿನಿಂದ ಮಣ್ಣು ಬಿಡಿಸಿದರು. ಅರಮನೆಯೇನೂ ಬರಲಿಲ್ಲ. ಬಡಿದು ಗಟ್ಟಿ ಮಾಡಿದ ಮಣ್ಣಿನ ನೆಲ, ಕಂಬ ಊರಿದ ಕುಳಿಗಳು, ಒಲೆಯ ಮೂರು ಕಲ್ಲು, ಬಾಗಿಲಿದ್ದಲ್ಲಿ ಒಂದು ಚಪ್ಪಡಿ. ಅಷ್ಟೇ.

“ಒಬ್ಬ ರೈತನ ಮನಿರೀ ಇದು.”

“ರೈತ ವೈನ್ ಕುಡೀತಿದ್ನಾ?” ಅಪ್ಪನಿಗೆ ಆಸಕ್ತಿ ಹುಟ್ಟಿತು.

“ಎಲ್ಲಿದ್ರೀ. ಬಂದರಿಂದ ಖಾಲಿ ಜಾಡಿ ತಂದು ನೀರಿಟ್ಟಿರಬೇಕು.”

ತಮ್ಮ ಅಡಿಗೆಮನೆಯಲ್ಲಿ ಖಾಲಿ ಎಣ್ಣೆಡಬ್ಬಕ್ಕೆ ನೀರು ತುಂಬಿಡುವ ಅಪ್ಪನಿಗೆ ಆ ರೈತ ಕೂಡಲೇ ನೆಂಟನಾಗಿಬಿಟ್ಟ.

ಆದರೆ ಮೋಡ ಕಟ್ಟತೊಡಗಿತ್ತು. ಅಳತೆ, ಚಿತ್ರ ಎಲ್ಲ ಮುಗಿಸಿದ ಮೇಡಂ, “ಮ್ಯಾಲೆ ಉಸುಕು ಹಾಕಿ ಮುಚ್ರಿ. ನೆಲ ಎತ್ತರಿಸಿ ತಬೇಲ ಕಟ್ಟಬಹುದು, ಕೆಳಗಿಂದು ಹಾಂಗ ಉಳೀತದ” ಎಂದರು. ದೊಡ್ಡಪ್ಪ ಒಪ್ಪಲಿಲ್ಲ. ನೋಡದೆ ಮುಚ್ಚುವುದು ತಪ್ಪಾದರೆ, ನೋಡಿದ ಮೇಲೆ ಮುಚ್ಚುವುದು ಇನ್ನೂ ದೊಡ್ಡ ತಪ್ಪಲ್ಲವೇ? ತಬೇಲ ಬೇರೆ ಕಡೆ ಕಟ್ಟು ಎಂದರು. ಉಳಿದ ಜಾಗವೆಲ್ಲ ನೀರು ನಿಲ್ಲುವ ತಗ್ಗು. ಎಮ್ಮೆಗಳು ಇನ್ನೇನು ಬರುವುದರಲ್ಲಿದ್ದವು. ಎಂದೂ ಜಗಳವಾಡದ ಅಣ್ಣತಮ್ಮಂದಿರು ಮಾತು ಬಿಟ್ಟರು. ದೊಡ್ಡಪ್ಪ ಪ್ಲಾಸ್ಟಿಕ್ ಕುರ್ಚಿ ತಂದು ಗುಂಡಿಯ ಪಕ್ಕದಲ್ಲೇ ಕೂತರು. ಉಸುಕಿನ ಟ್ರಕ್ಕು ಬಂದು ರಸ್ತೆಯಲ್ಲಿ ನಿಂತಿತು.

ಅಪ್ಪ ಫೋನು ಮಾಡಿದರು, ದೊಡ್ಡಮ್ಮ ಬಂದರು. ಲೋಕಲ್ ರೈಲಿನಲ್ಲಿ ಶಹಾಡಿಗೆ, ಅಲ್ಲಿಂದ ರಿಕ್ಷಾದಲ್ಲಿ. ಗಂಡನನ್ನು ಬಯ್ಯಬೇಕಾದ ಮಾತನ್ನೆಲ್ಲ ದಾರಿಯಲ್ಲಿ ಜೋಡಿಸಿಕೊಂಡು ಬಂದಿದ್ದರೆಂಬುದು ಮುಖದಲ್ಲೇ ಕಾಣುತ್ತಿತ್ತು.

“ಎಲ್ಲಿ ನಿಮ್ಮ ಅರಮನೆ?”

ದೊಡ್ಡಪ್ಪ ಎದ್ದು ಚಪ್ಪಡಿ ತೋರಿಸಿದರು. “ಇದು ಬಾಗಿಲು. ಅಲ್ಲಿ ಒಲೆ.”

ದೊಡ್ಡಮ್ಮ ಚಪ್ಪಡಿಯ ಹೊರಗೆ ಚಪ್ಪಲಿ ಕಳಚಿದರು. ಸೀರೆ ಸ್ವಲ್ಪ ಎತ್ತಿ ಒಳಗೆ ಕಾಲಿಟ್ಟರು.

ನಾವೆಲ್ಲ ಅವರ ಬರಿಗಾಲು ನೋಡಿದೆವು. ಅಷ್ಟು ದಿನ ಮೇಡಂ, ಮೇಸ್ತ್ರಿ, ಅಪ್ಪ, ನಾನು ಎಲ್ಲರೂ ಮೆಟ್ಟು ಹಾಕಿಕೊಂಡೇ ಆ ನೆಲ ತುಳಿದಿದ್ದೆವು.

“ಎಂತ ನೋಡ್ತೀರಿ? ಮನೆ ಅಂತ ನೀವೇ ಹೇಳಿದ್ದಲ್ವಾ?”

ದೊಡ್ಡಮ್ಮ ಒಲೆಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಮಸಿ ಹಿಡಿದ ಕಲ್ಲು ಮುಟ್ಟಿದರು. “ಹೊಗೆ ಎಲ್ಲ ಒಳಗೇ ತಿರುಗ್ತಿತ್ತು ಕಾಣ್ತದೆ. ಪಾಪ, ಅವಳ ಕಣ್ಣು.” ಮತ್ತೆ ಆಕಾಶ ನೋಡಿದರು. ಬಯ್ಗುಳವೆಲ್ಲ ಎಲ್ಲಿ ಹೋಯಿತೋ, ಧ್ವನಿ ಮೆತ್ತಗಾಗಿತ್ತು. “ಮಳೆ ಬಂದ್ರೆ ಈ ನೆಲ ಕರಗ್ತದೆ ಮಾರಾಯ್ರೆ. ಹೀಗೆ ತೆರೆದಿಟ್ಟರೆ ಅವರ ಮನೆ ಉಳೀತದಾ?”

ದೊಡ್ಡಪ್ಪ ಬಗ್ಗಿ ತಮ್ಮ ಬೂಟಿನ ಲೇಸು ಬಿಚ್ಚಿದರು.

ಉಸುಕು ಸುರಿಯಲು ಯಾರನ್ನೂ ಬಿಡಲಿಲ್ಲ. ಬುಟ್ಟಿಯಲ್ಲಿ ತರಿಸಿಕೊಂಡು, ಒಲೆಯ ಮೂಲೆಯಿಂದ ಶುರು ಮಾಡಿ, ನೆಲ ಸಾರಿಸುವವರ ಹಾಗೆ ಅಂಗೈಯಲ್ಲಿ ಹರಡುತ್ತ ಹರಡುತ್ತ ಹಿಂದಕ್ಕೆ ಸರಿದರು. ದೊಡ್ಡಮ್ಮ ಅವರ ಬೆನ್ನ ಹಿಂದೆ ಬುಟ್ಟಿ ಹಿಡಿದು ಅಷ್ಟಷ್ಟೇ ಸರಿದರು. ಅಪ್ಪ ಬರಿಗಾಲಲ್ಲಿ ಬುಟ್ಟಿ ತುಂಬಿ ಕೊಟ್ಟರೆಂದು ನನ್ನ ನೆನಪು. ಅಪ್ಪನನ್ನು ಕೇಳಿದರೆ ಚಪ್ಪಲಿ ಇತ್ತು ಎನ್ನುತ್ತಾರೆ.

ಚಪ್ಪಡಿಯ ತನಕ ಬಂದು ಇಬ್ಬರೂ ಹೊರಗೆ ಇಳಿದರು. ಒಳಗೆ ಒಂದು ಹೆಜ್ಜೆ ಗುರುತೂ ಇರಲಿಲ್ಲ. ದೊಡ್ಡಪ್ಪ ಕೈ ಒರೆಸಿಕೊಂಡು, ಯಾರದೋ ಮನೆಯಲ್ಲಿ ಊಟ ಮುಗಿಸಿ ಹೊರಟವರಂತೆ ಒಳಕ್ಕೆ ತಲೆ ಬಗ್ಗಿಸಿ ಹೇಳಿದರು:

“ಬರ್ತೇವೆ, ಆಯ್ತಾ?”