ಷಡ್ಡಕನ ಐಸ್ ಬಾಕ್ಸು

ಮೊದಲಿಗೇ ಕ್ಷಮೆ ಕೇಳಿಬಿಡುತ್ತೇನೆ. ನನಗೆ ಬಟ್ಟೆ ಹೊಲಿಯುವುದು ಗೊತ್ತು, ಬರೆಯುವುದು ಗೊತ್ತಿಲ್ಲ. ಹುಣಸೂರಿನಲ್ಲಿ ನನ್ನದೊಂದು ಟೈಲರ್ ಅಂಗಡಿ ಇದೆ. ಕೆಳಗಿನ ಪ್ರಸಂಗಗಳನ್ನೆಲ್ಲ ಗಿರಾಕಿಗಳಿಗೆ ಹೇಳಿದರೆ ನಗುತ್ತಾರೆ. ಬರೆಯಲು ಕೂತರೆ ಮಾತ್ರ ನಗು ಬರಬೇಕಾದ ಜಾಗಕ್ಕೆ ವಿವರಣೆ ಬಂದು ಕೂರುತ್ತದೆ. ಆದರೂ ಏನು ಮಾಡುವುದು? ಮಾವನ ಮನೆಗೆ ಹೋದಾಗಲೆಲ್ಲ ಇಂಥದ್ದೊಂದು ನಡೆದೇ ನಡೆಯುತ್ತದೆ, ಮತ್ತು ಪ್ರತಿ ಸಲವೂ ಅದರ ನಡುವೆ ಒಂದು ಐಸ್ ಬಾಕ್ಸು ಇರುತ್ತದೆ.

ಐಸ್ ಬಾಕ್ಸು ಎಂದರೆ ಕರೆಂಟ್ ಬೇಡದ ಫ್ರಿಜ್ಜು ಎಂದುಕೊಳ್ಳಿ. ಗೋಡೆ ದಪ್ಪ, ಮುಚ್ಚಳ ಬಿಗಿ, ಹಿಡಿಕೆ ಹಿಡಿದು ಎಲ್ಲಿಗೆ ಬೇಕಾದರೂ ಒಯ್ಯಬಹುದು. ಷಡ್ಡಕ ಎಂದರೆ ಹೆಂಡತಿಯ ತಂಗಿಯ ಗಂಡ. ಇದು ಎಲ್ಲರಿಗೂ ಗೊತ್ತು, ಆದರೂ ಹೇಳಿದೆ. ಅವನಿಗೆ ಕೆ.ಆರ್. ನಗರದಲ್ಲಿ ಬೀಜ ಗೊಬ್ಬರದ ಅಂಗಡಿ. ಅವನ ಮೇಲೆ ನನಗೆ ಹೊಟ್ಟೆಕಿಚ್ಚು. ಬರೆಯುವಾಗ ಸುಳ್ಳು ಹೇಳಬಾರದಂತೆ, ಅದಕ್ಕೇ ಇದನ್ನೂ ಹೇಳಿದೆ.

ನಲ್ಲಿ ಮೂಳೆ ದಾರಿ ತಪ್ಪಿದ್ದು

ಯುಗಾದಿಯ ಮಾರನೇ ದಿನ ನಮ್ಮ ಕಡೆ ವರ್ಸ್ತೊಡಕು. ಹಿಂದಿನ ದಿನ ಹೋಳಿಗೆ ತಿಂದ ಬಾಯಿಗೆ ಅಂದು ಬಾಡೂಟ. ಗಾವಡಗೆರೆ ಹತ್ತಿರದ ಮಾವನ ಮನೆಯಲ್ಲಿ ಎಲ್ಲರೂ ಸಾಲಾಗಿ ಎಲೆ ಮುಂದೆ ಕೂತಾಗ ಅತ್ತೆ ಮೊದಲು ನನ್ನ ಎಲೆಗೆ ನಲ್ಲಿ ಮೂಳೆ ಹಾಕುತ್ತಾರೆ. ನಲ್ಲಿ ಮೂಳೆ ಎಂದರೆ ಒಳಗೆ ಮಜ್ಜೆ ಇರುವ ಕಾಲಿನ ಮೂಳೆ. ತುದಿಗೆ ಬಾಯಿಟ್ಟು ಹೀರಬೇಕು, ಸದ್ದಾದರೆ ಯಾರೂ ತಪ್ಪು ತಿಳಿಯುವುದಿಲ್ಲ. ಅದು ಹಿರಿ ಅಳಿಯನಿಗೆ ಸೇರಿದ್ದು. ಹಾಗೆಂದು ಎಲ್ಲೂ ಬರೆದಿಟ್ಟಿಲ್ಲ, ಆದರೆ ನನ್ನ ಮದುವೆಯಾದಾಗಿನಿಂದ ಒಂದು ವರ್ಷವೂ ತಪ್ಪಿರಲಿಲ್ಲ.

ಆ ವರ್ಷ ಷಡ್ಡಕ ಕಾರಿನಿಂದ ನೀಲಿ ಬಣ್ಣದ ಬಾಕ್ಸೊಂದನ್ನು ಇಳಿಸಿದ. ನಾನು ಟೈಲರ್ ಆದದ್ದರಿಂದ ಕಣ್ಣಳತೆಯಲ್ಲೇ ಗೊತ್ತಾಯಿತು: ಉದ್ದ ಇಪ್ಪತ್ತು ಇಂಚು, ಅಗಲ ಹದಿನಾಲ್ಕು. ಒಳಗೆ ಸೋಡಾ, ಗಟ್ಟಿ ಮೊಸರು, ಕಲ್ಲಂಗಡಿ ಹೋಳು. ನಾನೂ ಕಲ್ಲಂಗಡಿ ತಂದಿದ್ದೆ, ಇಡೀ ಹಣ್ಣು. ಅದನ್ನು ಮಂಚದ ಕೆಳಕ್ಕೆ ಉರುಳಿಸಿದರು.

ಅತ್ತೆ ಸೋಡಾ ಬಾಟಲಿಯನ್ನು ಕೆನ್ನೆಗೆ ಹಿಡಿದುಕೊಂಡು, "ಅಯ್ ಸಿವನೇ, ಎಂಗದೆ ನೋಡಿ ತಣ್ಗೆ! ಕರೆಂಟೂ ಇಲ್ಲ, ಏನೂ ಇಲ್ಲ" ಎಂದರು.

ಊಟಕ್ಕೆ ಕೂತೆವು. ಸೌಟು ನನ್ನ ಎಲೆಯ ಮೇಲೆ ಬಂತು, ಸ್ವಲ್ಪ ನಿಂತಿತು, ಹಾಗೇ ಮುಂದಕ್ಕೆ ಹೋಯಿತು. ನಲ್ಲಿ ಮೂಳೆ ಷಡ್ಡಕನ ಎಲೆಗೆ ಬಿತ್ತು.

"ಪಾಪ, ಅಷ್ಟು ದೂರದಿಂದ ಐಸು ಹೊತ್ಕಂಡ್ ಬಂದವ್ರೆ" ಎಂದರು ಅತ್ತೆ.

"ನಾನೂ ಹಣ್ಣು ಹೊತ್ಕಂಡ್ ಬಂದೆ ಅಲ್ವಾ ಅತ್ತೆ?" ಎಂದೆ.

"ನೀವು ಬಸ್ಸಲ್ಲಿ ಬಂದ್ರಿ ಅಳಿಯಂದ್ರೇ. ಹೊತ್ಕಂಡ್ ಬಂದದ್ದು ಬಸ್ಸು."

ಸಫಾರಿ ತೊಟ್ಟ ಪೆಟ್ಟಿಗೆ

ಆ ಮೂಳೆಯನ್ನು ವಾಪಸ್ ಪಡೆಯಬೇಕಾದರೆ ನನಗೂ ಒಂದು ಬಾಕ್ಸು ಬೇಕು ಎಂದು ಅವತ್ತೇ ತೀರ್ಮಾನ ಮಾಡಿದೆ. ಅಂಗಡಿಯಲ್ಲಿ ಬೆಲೆ ಕೇಳಿ ಸುಮ್ಮನೆ ಹೊರಗೆ ಬಂದೆ. ನಮ್ಮ ಬೀದಿಯ ಮೀನಿನವರಿಗೆ ಕೇರಳದಿಂದ ಮೀನು ಬರುವುದು ಥರ್ಮಾಕೋಲ್ ಪೆಟ್ಟಿಗೆಯಲ್ಲಿ. ಖಾಲಿಯಾದ ಒಂದನ್ನು ಬಿಟ್ಟಿಯಾಗಿ ಕೊಟ್ಟರು. ಹುಣಸೆಹಣ್ಣು ಹಾಕಿ ತಿಕ್ಕಿದೆ, ಸೀಗೆಪುಡಿ ಹಾಕಿ ತಿಕ್ಕಿದೆ, ಮೂರು ದಿನ ಬಿಸಿಲಿಗಿಟ್ಟೆ. ಅದರ ಪೂರ್ವಾಪರ ಯಾರಿಗೂ ತಿಳಿಯಬಾರದೆಂದು, ಉಳಿದಿದ್ದ ಸಫಾರಿ ಬಟ್ಟೆಯಲ್ಲಿ ಒಂದು ಕವರ್ ಹೊಲಿದೆ. ಎರಡು ಜೇಬನ್ನೂ ಇಟ್ಟೆ. ಜೇಬು ಯಾಕೆ ಎಂದು ಕೇಳಬೇಡಿ, ಸಫಾರಿಗೆ ಜೇಬು ಇರಲೇಬೇಕು.

ಮಾವನ ಹೊಲದಲ್ಲಿ ಹೊಗೆಸೊಪ್ಪಿನ ನಾಟಿ ನಡೆಯುತ್ತಿತ್ತು. ಸ್ಟೀಲ್ ಕ್ಯಾನಿನಲ್ಲಿ ಮಜ್ಜಿಗೆ ತುಂಬಿ, ಸುತ್ತ ಐಸು ಹಾಕಿ, ಹೊಲಕ್ಕೇ ಒಯ್ದೆ. ಅವತ್ತು ಶನಿವಾರ. ಶನಿವಾರ ಮಾವ ಮಾಂಸ ಮುಟ್ಟುವುದಿಲ್ಲ. ಇದನ್ನು ಯಾಕೆ ಹೇಳಿದೆ ಎಂದು ಈಗ ಗೊತ್ತಾಗುತ್ತದೆ.

ದಾರಿಯ ಕುಲುಕಾಟಕ್ಕೆ ಕ್ಯಾನಿನ ಮುಚ್ಚಳ ಸಡಿಲವಾಗಿ, ಕರಗಿದ ಐಸಿನ ನೀರು ಮಜ್ಜಿಗೆಗೆ ಸೇರಿತ್ತು. ನನಗೆ ಅದು ತಿಳಿಯಲಿಲ್ಲ. ಮೊದಲ ಲೋಟ ಮಾವನಿಗೇ ಕೊಟ್ಟೆ. ಅವರು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದರು. ಖುಷಿಗೆ ಎಂದುಕೊಂಡೆ.

"ಅಳಿಯಂದ್ರೇ, ಒಗ್ಗರಣೆಗೆ ಏನೇನು ಆಕಿದ್ದೀರಿ?"

"ಕರಿಬೇವು, ಇಂಗು, ಮಾವ."

"ಇಂಗಲ್ಲ ಕಣಪ್ಪಾ ಇದು. ಬಂಗುಡೆ."

ನಾಟಿ ಹಾಕುತ್ತಿದ್ದ ಹೆಂಗಸರೆಲ್ಲ ಸೊಂಟ ನೆಟ್ಟಗೆ ಮಾಡಿಕೊಂಡು ನಿಂತು ನೋಡಿದರು. ನಾನು ತಲೆ ತಗ್ಗಿಸಿದೆ. ಮಾವ ಲೋಟದೊಳಗೆ ಇಣುಕಿ ನೋಡಿ, ಸುತ್ತ ಯಾರೂ ಕೇಳಿಸಿಕೊಳ್ಳದ ಹಾಗೆ ನನ್ನ ಕಿವಿಯ ಹತ್ತಿರ ಬಂದು ಹೇಳಿದರು:

"ಶನಿವಾರ ಅಂತೂ ಕೆಡ್ತು, ಬುಡಿ. ಎಂಗೂ ಕೆಡೋದೇ ಆಗಿದ್ರೆ ಎರಡು ತುಂಡಾದ್ರೂ ಆಕ್ಬಾರ್ದಿತ್ತಾ?"

ಅರ್ಧ ಬಿಸಿ, ಅರ್ಧ ತಂಪು

ಇಷ್ಟು ಹೊತ್ತಿಗೆ ಷಡ್ಡಕ ತನ್ನ ನೀಲಿ ಬಾಕ್ಸನ್ನು ಅತ್ತೆಯ ಮನೆಯಲ್ಲೇ ಬಿಟ್ಟಿದ್ದ. "ಇರ್ಲಿ ಬುಡಿ ಅತ್ತೆ, ಇದು ತಣ್ಗಿರೋದ್ನ ತಣ್ಗೆ ಮಡ್ಗ್ತದೆ, ಬಿಸಿ ಇರೋದ್ನ ಬಿಸಿಯಾಗೇ ಮಡ್ಗ್ತದೆ" ಎಂದು ಹೇಳಿ ಹೋಗಿದ್ದನಂತೆ. ಅವನು ಹೇಳಿದ್ದು ನಿಜವೇ. ಒಳಗಿನ ಬಿಸಿ ಹೊರಗೆ ಹೋಗುವುದಿಲ್ಲ, ಹೊರಗಿನ ಬಿಸಿ ಒಳಗೆ ಬರುವುದಿಲ್ಲ. ಆದರೆ ಎರಡರಲ್ಲಿ ಒಂದನ್ನು ಮಾತ್ರ ಇಡಬೇಕು ಎಂದು ಹೇಳಲು ಮರೆತಿದ್ದ.

ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಹತ್ತಿರ ಮಾವ ಕಾವಲಿದ್ದರು. ಅವರಿಗೆ ಊಟ ಒಯ್ಯಲು ನಾನು ಮೊಪೆಡ್ ತೆಗೆದುಕೊಂಡು ಬಂದೆ. ಅತ್ತೆ ಬಾಕ್ಸಿನ ಎಡಗಡೆ ಐಸು, ಮೊಸರಿನ ಡಬ್ಬಿ ಇಟ್ಟರು. ಬಲಗಡೆ ಆಗ ತಾನೇ ಕಟ್ಟಿದ, ಹಬೆಯಾಡುವ ನಾಲ್ಕು ಮುದ್ದೆ ಇಟ್ಟರು. ನಡುವೆ ಗಡಿಯ ಹಾಗೆ ಒಂದು ಬಾಳೆಎಲೆ ನಿಲ್ಲಿಸಿದರು. ಹೀಗೆ ಮಾಡಬಾರದೆಂದು ನನಗೆ ಗೊತ್ತಿತ್ತು. ಹೇಳಬಹುದಿತ್ತು. ಹೇಳಲಿಲ್ಲ. ಬಾಕ್ಸು ನನ್ನದಲ್ಲವಲ್ಲ.

ಬ್ಯಾರನ್ ಹತ್ತಿರ ಮಾವ ಮುಚ್ಚಳ ತೆಗೆದು, "ಇದೇನ್ ಅಳಿಯಂದ್ರೇ, ಮುದ್ದೆ ಈಜ್ತಾ ಅವೆ?" ಎಂದರು. ಐಸೆಲ್ಲ ಕರಗಿತ್ತು. ಮೊಸರು ಬೆಚ್ಚಗಿತ್ತು, ಮುದ್ದೆ ತಣ್ಣಗಿತ್ತು. ನನಗೆ ಆದ ಸಂತೋಷವನ್ನು ಬರೆಯಲು ಬರುವುದಿಲ್ಲ. ಇನ್ನು ಷಡ್ಡಕನ ಕಥೆ ಮುಗಿಯಿತು, ನಲ್ಲಿ ಮೂಳೆ ಮನೆಗೆ ಬಂತು ಎಂದುಕೊಂಡು ಅತ್ತೆಗೆ ನಾನೇ ಫೋನ್ ಮಾಡಿ ಎಲ್ಲವನ್ನೂ ವಿವರಿಸಿದೆ.

ಅತ್ತೆ ಸಮಾಧಾನವಾಗಿ ಕೇಳಿಸಿಕೊಂಡು ಅಂದರು: "ನೀವು ಮೊಪೆಡ್ ಓಡ್ಸೋ ರಬಸಕ್ಕೆ ಬಿಸಿದೆಲ್ಲ ಆ ಕಡೀಕೆ, ತಣ್ಗಿಂದೆಲ್ಲ ಈ ಕಡೀಕೆ ಓಗ್ಬುಟ್ಟದೆ. ಚಿಕ್ಕಳಿಯಂದ್ರು ಕಾರಲ್ಲಿ ತಂದಿದ್ರೆ ಇಂಗಾಯ್ತಿತ್ತಾ?"

ಹಿರಿ ಅಳಿಯ ಯಾರು

ಕೊನೆಗೆ ನಾನೂ ನಿಜವಾದ ಬಾಕ್ಸು ಕೊಂಡೆ. ಕೆಂಪು ಬಣ್ಣ, ಕೆಳಗೆ ಚಕ್ರ, ಷಡ್ಡಕನದಕ್ಕಿಂತ ಸರಿಯಾಗಿ ಎರಡು ಇಂಚು ದೊಡ್ಡದು. ಅಂಗಡಿಗೆ ಟೇಪು ಒಯ್ದು ಅಳೆದೇ ತಂದೆ. ಈ ವರ್ಷದ ವರ್ಸ್ತೊಡಕಿಗೆ ಅದನ್ನು ಬಸ್ಸಿಳಿದು ಮಾವನ ಮನೆಯವರೆಗೆ, ಇಡೀ ಬೀದಿಗೆ ಕೇಳುವ ಹಾಗೆ, ಗಡಗಡ ಎಳೆದುಕೊಂಡು ಹೋದೆ.

ಮಾವ ಬೆಳಿಗ್ಗೆಯೇ ಗುಡ್ಡೆ ಬಾಡು ತಂದಿದ್ದರು. ಗುಡ್ಡೆ ಬಾಡು ಎಂದರೆ, ಊರಿನವರು ಸೇರಿ ಕುರಿ ಕುಯ್ದು ಸಮನಾಗಿ ಗುಡ್ಡೆ ಹಾಕಿ ಹಂಚಿಕೊಳ್ಳುವುದು. ಸಮಪಾಲು ಆದ್ದರಿಂದ ನಮ್ಮ ಗುಡ್ಡೆಗೆ ಬಂದದ್ದು ಒಂದೇ ನಲ್ಲಿ ಮೂಳೆ. ಅಡುಗೆ ಶುರುವಾಗಲು ಇನ್ನೂ ಹೊತ್ತಿತ್ತು, ಕರೆಂಟ್ ಹೋಗಿತ್ತು. ಮಾವ ನಮ್ಮಿಬ್ಬರ ಮುಖವನ್ನೂ ನೋಡಿ ಪಂಚಾಯ್ತಿ ಮಾಡಿದರು.

"ಅರ್ಧ ಬಾಡು ಇದ್ರಲ್ಲಿ, ಅರ್ಧ ಅದ್ರಲ್ಲಿ ಮಡ್ಗಿ. ಒಲೆ ಹಚ್ಚೋವಾಗ ನಾನೇ ಕೈಯಿಟ್ಟು ನೋಡ್ತೀನಿ. ಯಾರ್ದು ತಣ್ಗಿರ್ತದೋ ಅವರಿಗೆ ನಲ್ಲಿ ಮೂಳೆ. ಇನ್ಮುಂದೆ ಪ್ರತಿ ವರ್ಸಾನೂ ಅವರಿಗೇ."

ಮೂಳೆಯನ್ನು ಸದ್ಯಕ್ಕೆ ನನ್ನ ಬಾಕ್ಸಿನಲ್ಲೇ ಇಟ್ಟರು, ಹಿರಿಯವನೆಂದು. ಎರಡು ಬಾಕ್ಸೂ ಹಿತ್ತಲ ಜಗಲಿಯ ಮೇಲೆ ಅಕ್ಕಪಕ್ಕ ಕೂತವು. ನಾನೂ ಷಡ್ಡಕನೂ ಎದುರುಬದುರು ಕೂತೆವು.

"ಅಣ್ಣ, ನೀವು ಒಳಗೋಗಿ ಕಾಫಿ ಕುಡೀರಿ, ನಾನು ನೋಡ್ಕತೀನಿ" ಎಂದ ಷಡ್ಡಕ.

ಹೋಗಿ ಕುಡಿದು ಬಂದೆ. ಬಂದಾಗ ನನ್ನ ಮುಚ್ಚಳ ಸ್ವಲ್ಪ ಎದ್ದಿತ್ತು. ಮುಚ್ಚಿದೆ.

"ನೀನೂ ಓಗಿ ಬಾರಪ್ಪ" ಎಂದೆ.

ಅವನು ಅತ್ತ ಹೋದ ಕೂಡಲೇ ಅವನ ಮುಚ್ಚಳ ತೆಗೆದೆ. ಮುಚ್ಚಳ ತೆಗೆದರೆ ಬಿಸಿ ಗಾಳಿ ಒಳಗೆ ಹೋಗುತ್ತದೆ, ಅಷ್ಟೇ ಉದ್ದೇಶ, ಬಾಡನ್ನು ನಾನು ಮುಟ್ಟಲಿಲ್ಲ. ಹೀಗೆ ನಾನು ಎಲೆಅಡಿಕೆಗೆ, ಅವನು ನೀರಿಗೆ, ನಾನು ಫೋನಿಗೆ ಎದ್ದು ಹೋಗುತ್ತಲೇ ಇದ್ದೆವು. ಕೊನೆಗೆ ಅತ್ತೆ ಶಾವಿಗೆ ತಿನ್ನಲು ಇಬ್ಬರನ್ನೂ ಒಟ್ಟಿಗೆ ಕರೆದರು. ಎದ್ದು ಹೋಗುವಾಗ ನಾನು ಅವನ ಮುಚ್ಚಳ ಎತ್ತಿ ಹೋದೆ, ಅವನು ನನ್ನದನ್ನು ಎತ್ತಿ ಬಂದ.

ವಾಪಸ್ ಬಂದು ನೋಡಿದರೆ ಎರಡು ಬಾಕ್ಸೂ ಬಾಯಿ ತೆರೆದುಕೊಂಡಿವೆ. ಹುಣಸೆಮರದ ಕೆಳಗೆ ಪಕ್ಕದ ಮನೆಯ ಕೆಂದ ನಾಯಿ ಎರಡು ಮುಂಗಾಲಲ್ಲಿ ನಲ್ಲಿ ಮೂಳೆ ಹಿಡಿದು, ಕಣ್ಣು ಮುಚ್ಚಿ, ಸದ್ದು ಮಾಡುತ್ತ ಹೀರುತ್ತಿದೆ. ಷಡ್ಡಕ ಕಲ್ಲು ಎತ್ತಿಕೊಂಡ. ಮಾವ ಅವನ ಕೈ ಹಿಡಿದರು.

"ಒಡೀಬ್ಯಾಡಿ ಕಣ್ರಪ್ಪಾ. ಈ ವರ್ಸದಿಂದ ಹಿರಿ ಅಳಿಯ ಅದೇಯಾ. ಲೇ ಇವ್ಳೇ, ಅಳಿಯಂದ್ರಿಗೆ ನೀರು ಕೊಡು!"

ಅತ್ತೆ ನಿಜವಾಗಿಯೂ ಒಂದು ಚೊಂಬು ನೀರು ತಂದು ನಾಯಿಯ ಮುಂದೆ ಇಟ್ಟರು.

ನಗಬಹುದು. ಆದರೆ ಒಂದು ವಿಷಯ ಬಿಡಿಸಿ ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ನಾನು ಷಡ್ಡಕನ ಮುಚ್ಚಳ ತೆಗೆದದ್ದು ಮೂರು ಸಲ. ಅವನು ನನ್ನದನ್ನು ತೆಗೆದದ್ದು ನಾಲ್ಕು ಸಲ, ಅವನೇ ಒಪ್ಪಿಕೊಂಡಿದ್ದಾನೆ. ಆಮೇಲೆ ಮಾವ ಕೈಯಿಟ್ಟು ನೋಡಿದಾಗ ಎರಡೂ ಬಾಕ್ಸು ಒಂದೇ ಸಮ ತಣ್ಣಗಿದ್ದವು. ಅಂದರೆ ಒಂದು ಸಲ ಹೆಚ್ಚಿಗೆ ತೆಗೆದರೂ ತಂಪು ಉಳಿಸಿಕೊಂಡದ್ದು ಯಾವುದು ಎಂದು ನೀವೇ ನೋಡಿ. ಇದನ್ನು ಇನ್ನೂ ಸರಿಯಾಗಿ ಹೇಳಬೇಕೆಂದರೆ, ಮೊದಲು ಎರಡೂ ಬಾಕ್ಸಿನ ಗೋಡೆಯ ದಪ್ಪವನ್ನು

ಹೆಂಡತಿ ಹೊರಗಿನಿಂದ ಕರೆಯುತ್ತಿದ್ದಾಳೆ. "ರೀ, ಬನ್ರೀ ಬಿರ್ನೆ! ನಿಮ್ ಷಡ್ಡಕ ಬಂದವ್ರೆ. ಕಾರಿಂದ ಏನೋ ಇಳಿಸ್ಬೇಕಂತೆ, ಒಬ್ಬರ ಕೈಲಿ ಆಗಲ್ವಂತೆ!"

ಒಬ್ಬರ ಕೈಲಿ ಆಗುವುದಿಲ್ಲ ಎಂದರೆ ಅದು ಕನಿಷ್ಠ ಇಪ್ಪತ್ತಾರು ಇಂಚು ಇರಬೇಕು. ಟೇಪು ಎಲ್ಲಿಟ್ಟೆ? ಒಂದು ನಿಮಿಷ, ಗೋಡೆಯ ದಪ್ಪ ಯಾಕೆ ಮುಖ್ಯ ಎಂದರೆ