ಬಿಸಿಲಿಗೆ ಹಿಡಿದ ಬಿಳಿ

ನಮ್ಮ ಕಾಕಾಗೆ ಮಾತ್ರ ಯಾರೂ ಟೈಮ್ ಎಷ್ಟೆಂದು ಕೇಳಬಾರದು! ಇಡೀ ಜತ್ತ ಪೇಟೆಯಲ್ಲಿ ಇನ್ನೊಬ್ಬರ ಕೈಯಲ್ಲಿಲ್ಲದಂಥ ವಿಲಾಯತಿ ವಾಚು ಅವರ ಕೈಯಲ್ಲಿದೆ, ನಿಜ. ಆದರೆ ಅದರ ಮುಳ್ಳುಗಳಿಗೂ ಅವರಿಗೂ ಮಾತುಕತೆಯೇ ಇಲ್ಲ. ಸಂಬಂಧವೆಲ್ಲ ಮುಳ್ಳಿನ ಹಿಂದಿರುವ ಬಿಳಿ ಡಯಲ್ ಜೊತೆಗೆ.

ಒಮ್ಮೆ ಸ್ಟ್ಯಾಂಡಿನಲ್ಲಿ ಉಟಗಿ ಬಸ್ಸಿಗೆ ಕಾಯುವಾಗ ನಾನು ಮರೆತು ಕೇಳಿಬಿಟ್ಟೆ. ಕಾಕಾ ಬಹಳ ಗಂಭೀರವಾಗಿ ಮಣಿಕಟ್ಟನ್ನು ಬಿಸಿಲಿಗೆ ತಿರುಗಿಸಿದರು.

"ಈಗ ನೋಡು, ಸುಣ್ಣದ ಬಿಳಿ. ಮೋಡ ಅಡ್ಡ ಬಂತಂದ್ರ ಮಜ್ಜಿಗಿ ಬಿಳಿ ಆಗ್ತದ. ನಿಂದ್ರು, ತೋರಸ್ತೀನಿ."

ನಿಂತೆವು. ಜತ್ತದ ಆಕಾಶಕ್ಕೆ ಮೋಡ ಕರೆದರೆ ಬರುತ್ತದೆಯೇ? ಬಸ್ಸು ಮಾತ್ರ ಬಂದು, ನಮ್ಮನ್ನು ಬಿಟ್ಟು ಹೋಯಿತು.

ಹಾಗೆಂದು ಇದನ್ನು ಬರೀ ಶೋಕಿ ಎನ್ನಬೇಡಿ. ಕಾಕಾ ಜೀವಮಾನವಿಡೀ ಧೋತರ, ತಲೆಗೆ ಸುತ್ತುವ ಪಟಗಾ, ಟೋಪಿ ಮಾರಿದವರು. ಬಿಳಿಯಲ್ಲದ ಬಟ್ಟೆ ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದಿಲ್ಲ. ಧೋತರ ಉಡುವವರು ಕಡಿಮೆಯಾದರು, ಅಂಗಡಿ ಮಗನ ಕೈಗೆ ಹೋಯಿತು. ಅಲ್ಲಿ ಮೊದಲ ಜೀನ್ಸ್ ಪ್ಯಾಂಟು ತೂಗಿದ ವಾರವೇ ಕಾಕಾ ನನ್ನನ್ನು ಕರೆದುಕೊಂಡು ವಾಚು ತರಲು ಪುಣೆಗೆ ಹೊರಟರು. ಪಾಪ, ಕಣ್ಣಿಗೆ ಕೆಲಸ ಬೇಕಲ್ಲ!

ಪುಣೆಯ ಅಂಗಡಿಯ ಹುಡುಗಿ ತಟ್ಟೆಯಲ್ಲಿ ನಾಲ್ಕು ವಾಚು ಇಟ್ಟು, ನಾಲ್ಕೂ ಬಿಳಿಯೇ ಎಂದು ಮರಾಠಿಯಲ್ಲಿ ಹೇಳಿದಳು. ಕಾಕಾಗೆ ನೋವಾಯಿತು. ಒಂದೊಂದರ ಮೇಲೂ ಬೆರಳಿಟ್ಟರು. ಇದು ಗಂಜಿ ಹಾಕಿ ಇಸ್ತ್ರಿ ಮಾಡಿದ ಧೋತರ, ಹೊಳಪು ಜಾಸ್ತಿ. ಇದು ವಿಭೂತಿ, ಕೈಗೆ ಹತ್ತೀತು ಅನ್ನಿಸುತ್ತದೆ. ಇದು ಹಾಲಿನ ಕೆನೆ. ಇದು ಸುಣ್ಣ. ಅಷ್ಟಕ್ಕೇ ಬಿಟ್ಟರೇ? "ಟ್ಯೂಬ್‌ಲೈಟಿನ ಕೆಳಗ ಬಿಳಿ ಆರಸಿದವ ಮೋಸ ಹ್ವಾದ" ಎನ್ನುತ್ತ ತಟ್ಟೆಯ ಸಮೇತ ರಸ್ತೆಯ ಬಿಸಿಲಿಗೆ ಹೊರಟೇಬಿಟ್ಟರು! ಬಾಗಿಲ ಕಾವಲುಗಾರ ಎರಡೂ ಕೈ ಚಾಚಿ ಅಡ್ಡ ನಿಂತ. ಕಡೆಗೆ ಆ ಕಾವಲುಗಾರನ ಪಕ್ಕದಲ್ಲೇ, ಬಾಗಿಲ ಬಿಸಿಲಿಗೆ ನಿಂತು ಸುಣ್ಣದ ಬಿಳಿ ಆರಿಸಿದರು. ಅದು ಕುಲುಮೆಯಲ್ಲಿ ಸುಟ್ಟ ಎನಾಮಲ್, ಮೊಮ್ಮಕ್ಕಳ ಕಾಲಕ್ಕೂ ಹಳದಿಯಾಗುವುದಿಲ್ಲ ಎಂದಳು ಹುಡುಗಿ.

ಕೆಲವು ವರ್ಷ ಕಳೆದವು. ಅದು ಹಳದಿಯಾಯಿತು!

ಕಾಕಾ ಸಿಟ್ಟಿನಿಂದ ಮತ್ತೆ ಪುಣೆಗೆ ಹೋದರು. ಅಂಗಡಿಯವರು ಅಂಥದೇ ಹೊಸ ವಾಚು ತಂದು ಪಕ್ಕದಲ್ಲಿಟ್ಟರು. ಕಾಕಾ ಎರಡನ್ನೂ ನೋಡಿ, "ನಿಮ್ಮ ಹೊಸಾದೂ ಕೆಟ್ಟದ" ಎಂದು ತೀರ್ಪು ಕೊಟ್ಟು ಬಂದರು.

ಆಮೇಲೆ ಮನೆಯಲ್ಲಿ ಎಲ್ಲವೂ ಕೆಡುತ್ತ ಹೋಯಿತು. ವಿಭೂತಿಯಲ್ಲಿ ಅರಿಷಿಣ ಬೆರೆಸಿದ್ದಾರೆಂದು ಅಂಗಡಿಯವನೊಡನೆ ಜಗಳ. ಕಾಕಾನ ಹೆಂಡತಿ ಕಾಕು ರೊಟ್ಟಿ ಬಡಿಸಿದರೆ, "ಜೋಳದ ಹಿಟ್ಟಿನ್ಯಾಗ ಕಡ್ಲಿಹಿಟ್ಟ ಕಲಸೀ ಏನ?" ಎಂಬ ಪ್ರಶ್ನೆ. ಒಂದು ದಿನವಂತೂ ಕಾಕುವಿನ ತಲೆಯನ್ನೇ ದಿಟ್ಟಿಸಿ, "ಈ ವಯಸ್ಸಿನ್ಯಾಗ ಮೆಹಂದಿ ಯಾಕ ಹಚ್ಚತಿ?" ಎಂದರು. ಮೆಹಂದಿ ಮುಟ್ಟಿ ಎಷ್ಟೋ ವರ್ಷವಾಗಿದ್ದ ಕಾಕು ಸೆರಗನ್ನು ತಲೆಯ ಮೇಲೆ ಎಳೆದುಕೊಂಡರು. ಸಂಜೆ ಚಹಾ ಕೊಡುವಾಗ ಮೆಲ್ಲಗೆ ಹೇಳಿದರು: "ವಾಚಿಗೇನೂ ಆಗಿಲ್ಲರಿ. ನಿಮ್ಮ ಕಣ್ಣಿಗೆ ಪೊರಿ ಬಂದದ."

ಕಾಕಾ ವಾಚು ಬಿಚ್ಚಿ ಧೋತರದ ತುಂಡಿನಲ್ಲಿ ಸುತ್ತಿ ಕಪಾಟಿನಲ್ಲಿಟ್ಟರು. ಆಪರೇಷನ್ ಎಂದರೆ ಎದ್ದು ಹೋಗುತ್ತಿದ್ದರು. ನಾನು ಹೆದರಿಕೆಯೆಂದು ಚೇಷ್ಟೆ ಮಾಡಿದೆ.

"ಚಾಕೂಕ ಅಂಜಾಂವಲ್ಲೋ ನಾ. ಕಣ್ಣಾಗ ಕೂಡಸೂ ಹೊಸಾ ಭಿಂಗಕ್ಕ ಎಲ್ಲಾ ಬಿಳಿ ಒಂದ ಕಂಡ್ರ? ಆಮ್ಯಾಲ ನಾ ಯಾರು?"

ಉತ್ತರ ಕೊಟ್ಟವರು ಕಾಕು.

"ಒಂದ ಕಂಡ್ರ ಕಾಣ್ಲಿ. ಯಾವುದು ಯಾವ ಬಿಳಿ ಅಂತ ನಾ ಹೇಳ್ತೀನಿ. ಇಷ್ಟ ವರ್ಷ ಕೇಳಿ ಕೇಳಿ ನನಗ ಬಾಯಿಪಾಠ ಆಗ್ಯಾದ, ನಡೀರಿ."

ಮಿರಜದ ದವಾಖಾನೆಯಲ್ಲಿ ಆಪರೇಷನ್ ಆದ ಮರುದಿನ ಪಟ್ಟಿ ಬಿಚ್ಚಿದರು. ನಾನು ವಾಚನ್ನು ಕಣ್ಣೆದುರು ಹಿಡಿದೆ. ಕಾಕಾ ಬಹಳ ಹೊತ್ತು ನೋಡಿದರು.

"ಸುಣ್ಣ" ಎಂದರು. ಆಮೇಲೆ ತಲೆಯೆತ್ತಿ ಎದುರಿಗಿದ್ದ ಕಾಕುವನ್ನು ನೋಡಿದರು. ವಾಚು ನನ್ನ ಕೈಯಲ್ಲೇ ಉಳಿಯಿತು.

"ಯಾವಾಗ ಇಷ್ಟ ಬೆಳ್ಳಗಾತು ನಿನ್ನ ತಲಿ?"

"ಭಾಳ ದಿನಾತರಿ."

"ಇಲ್ಲಿ ಬ್ಯಾಡ. ಟ್ಯೂಬ್‌ಲೈಟ್ ಅದ" ಎನ್ನುತ್ತ ಕಾಕಾ ಕರಿ ಕನ್ನಡಕ ಹಾಕಿಕೊಳ್ಳದೆ, ನರ್ಸ್ ಬಯ್ಯುತ್ತಿದ್ದರೂ ಕೇಳದೆ, ಕಾಕುವಿನ ಕೈ ಹಿಡಿದು ಹೊರಗೆ ಕರೆತಂದು ಬಿಸಿಲಿಗೆ ನಿಲ್ಲಿಸಿದರು. ಸೆರಗು ತಾವೇ ಸರಿಸಿದರು. ಕಾಕು ನಾಚಿ ನೆಲ ನೋಡುತ್ತ, "ಯಾವ ಬಿಳಿರಿ?" ಎಂದರು.

ಕಾಕಾಗೆ ಹೆಸರು ಹೊಳೆಯಲಿಲ್ಲ. ಹೊಸ ಕಣ್ಣಿನಿಂದ ನೀರು ಇಳಿಯುತ್ತಿತ್ತು.

"ಕಾಕಾ, ಜತ್ತ ಬಸ್ ಹೋಗ್ತದರಿ" ಎಂದೆ.

"ಹೋಗ್ಲಿ" ಎಂದರು. ನಾನೂ ಟೈಮ್ ಕೇಳಲಿಲ್ಲ.