ನನ್ನ ಕಾರ್ಬುರೇಟರ್ ಪಾಂಡಿತ್ಯ

ಲೀಟರಿಗೆ ಅರವತ್ತು ಕಿಲೋಮೀಟರ್ ಓಡುತ್ತಿದ್ದ ನಮ್ಮ ಬೈಕು ಮೂವತ್ತೆಂಟಕ್ಕೆ ಇಳಿದಿದೆ ಎಂದು ಲೆಕ್ಕ ಸಿಕ್ಕ ಶನಿವಾರ ಸಂಜೆಯೇ ನಾನು ಮನೆಯಲ್ಲಿ ಘೋಷಣೆ ಹೊರಡಿಸಿದೆ.

“ನಾಳಿ ಮುಂಜಾನಿ ಕಾರ್ಬುರೇಟರ್ ನಾನ ಟ್ಯೂನ್ ಮಾಡ್ತೀನಿ.”

ಸೀರೆ ಇಸ್ತ್ರಿ ಮಾಡುತ್ತಿದ್ದ ನನ್ನ ಹೆಂಡತಿ ಸುಮಂಗಲಾ ಇಸ್ತ್ರಿಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿದಳು.

“ನಾಳಿ ಹನ್ನೆರಡಕ್ಕ ಭಾಗ್ಯಶ್ರೀದು ವಾಸ್ತುಶಾಂತಿ ಐತಿ, ಜೀಡಿಮೆಟ್ಲಾದಾಗ. ಗೊತ್ತೈತಿಲ್ಲೋ?”

“ಗೊತ್ತೈತಿ.”

“ಅಕಿ ಹೊಸಲು ದಾಟೋ ಮುಂದ ಆರತಿ ಹಿಡಿಯಾಕಿ ನಾನ. ಅವ್ವ ಇಲ್ಲ. ಅಕ್ಕ ಅಂತ ಇರಾಕಿ ನಾ ಒಬ್ಬಾಕಿ. ನಾಳಿ ಒಂದಿನ ಗಾಡಿಗೆ ಕೈ ಹಚ್ಚಬ್ಯಾಡ್ರಿ. ಸೋಮವಾರ ಮೆಕಾನಿಕ್ ಕಡೆ ಒಯ್ರಿ.”

ಮೆಕಾನಿಕ್. ಆ ಪದ ನನ್ನ ಸ್ವಾಭಿಮಾನಕ್ಕೆ ಚುಚ್ಚಿತು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ನಾನು ಹದಿನೆಂಟು ವರ್ಷಗಳಿಂದ ವಿಮಾನದ ಬಿಡಿಭಾಗಗಳನ್ನು ಅಳೆಯುವ ಇನ್ಸ್‌ಪೆಕ್ಟರ್. ಕೂದಲಿನ ಹತ್ತನೇ ಒಂದು ಭಾಗದಷ್ಟು ವ್ಯತ್ಯಾಸ ಬಂದರೂ ಮಾಲನ್ನು ವಾಪಸು ಕಳಿಸುವ ಶಾಂತಕುಮಾರ, ನಾಲ್ಕು ಸ್ಕ್ರೂ ಇರುವ ಒಂದು ಡಬ್ಬಿಗೆ ಹೆದರುವುದೇ?

“ವಿಮಾನ ಹಾರಿಸೋ ಸಾಮಾನು ನಮ್ಮ ಕೈಯಾಗ ಹಾದು ಹೊಕ್ಕಾವು,” ಎಂದೆ.

“ನೀವು ಅಳೀತೀರಿ. ಬಿಚ್ಚೋದಿಲ್ಲ,” ಎಂದು ಅವಳು ಇಸ್ತ್ರಿ ಮುಂದುವರಿಸಿದಳು.

ಮರುದಿನ ಆರು ಗಂಟೆಗೇ ನಾನು ಕೆಳಗಿಳಿದೆ. ಲಿಂಗಂಪಲ್ಲಿಯ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಇರುವುದು ನೆಲದಡಿಯ ಸೆಲ್ಲಾರಿನಲ್ಲಿ. ಅಲ್ಲಿನ ಎರಡು ಟ್ಯೂಬ್‌ಲೈಟುಗಳಲ್ಲಿ ಒಂದು ಉರಿಯುವುದಿಲ್ಲ, ಇನ್ನೊಂದು ಮಿಣುಕುತ್ತದೆ. ಹಿಂದಿನ ದಿನ ವಾಚ್‌ಮನ್ ಗಾಡಿಗಳನ್ನೆಲ್ಲ ಸರಿಸಿ ನೆಲ ತೊಳೆದಿದ್ದ. ನನ್ನ ಜಾಗದಲ್ಲಿ ನನ್ನ ಕಪ್ಪು ಬೈಕು ಗೋಡೆಗೆ ಬೆನ್ನು ಹಾಕಿ ನಿಂತಿತ್ತು. ಪಕ್ಕದಲ್ಲಿ ಅಮರಯ್ಯನವರದೂ ಕಪ್ಪು ಬೈಕು. ಅಮರಯ್ಯ ಸುರಪುರದ ಕಡೆಯವರು, ಟೈಲ್ಸ್ ಕೂಡಿಸುವ ಮೇಸ್ತ್ರಿ, ನಮ್ಮದೇ ಅಪಾರ್ಟ್‌ಮೆಂಟಿನ ನೆಲ ಅಂತಸ್ತಿನಲ್ಲಿದ್ದಾರೆ. ಇಬ್ಬರದೂ ಒಂದೇ ಕಂಪನಿಯ, ಹದಿನೈದು ವರ್ಷ ಹಳೆಯ ಗಾಡಿ.

ಮೊಬೈಲಿನಲ್ಲಿ ವಿಡಿಯೋ ಹಚ್ಚಿಟ್ಟು ಕಾರ್ಬುರೇಟರ್ ಬಿಚ್ಚಿದೆ. ಅದರ ಅಡಿಯ ಪುಟ್ಟ ಬಟ್ಟಲಿನಿಂದ ಪೆಟ್ರೋಲು ತೋಳಿನೊಳಗೆ ಇಳಿಯಿತು. ಹಿತ್ತಾಳೆಯ ಜೆಟ್ ಎಂಬ ಹರಳಿನಷ್ಟು ಸಣ್ಣ ವಸ್ತುವನ್ನು ಹಲ್ಲುಜ್ಜುವ ಬ್ರಷ್‌ನಿಂದ ತಿಕ್ಕಿದೆ. ಬ್ರಷ್ ಯಾರದೆಂಬುದನ್ನು ಇಲ್ಲಿ ಬರೆಯುವುದು ಬೇಡ.

ಏಳೂವರೆಗೆ ಅಮರಯ್ಯ ಟಿಫಿನ್ ಡಬ್ಬಿ ಹಿಡಿದು ಬಂದರು.

“ಏನ್ರಿ ಸರ, ಐತವಾರ ಗಾಡಿ ಬಿಚ್ಚಿ ಕುಂತೀರಿ?”

“ಟ್ಯೂನಿಂಗ್ ಅಮರಯ್ಯಾ. ಗಾಳಿ, ಪೆಟ್ರೋಲು ಎರಡೂ ಹದವಾಗಿ ಕೂಡಬೇಕು. ರೊಟ್ಟಿ ಹಿಟ್ಟಿಗೆ ನೀರು ಹಾಕಿದಂಗ.”

“ಹೌದ್ರಿ, ಕಲ್ತವರು ನೀವು,” ಎಂದು ಅವರು ಪಕ್ಕದ ಬೈಕಿಗೆ ಕೀಲಿ ಹಾಕಿ, ನಾಲ್ಕು ಕಿಕ್ ಹೊಡೆದು ಹೊರಟರು. ಸೆಲ್ಲಾರ್ ತುಂಬ ಕಪ್ಪು ಹೊಗೆ. ಪಾಪ, ಬಡವನ ಗಾಡಿ ಎಷ್ಟು ಹಾಳಾಗಿದೆ, ಮುಂದಿನ ವಾರ ಅದನ್ನೂ ಉದ್ಧಾರ ಮಾಡಬೇಕು ಎಂದುಕೊಂಡೆ.

ಜೋಡಿಸುವುದು ಮುಗಿದಾಗ ಹತ್ತು ಗಂಟೆ. ಒಂದು ಸಣ್ಣ ಸ್ಪ್ರಿಂಗು ಉಳಿದಿತ್ತು. ಉಳಿದದ್ದು ಬೇಕಿಲ್ಲದ್ದೇ ಇರಬೇಕೆಂದು ಜೇಬಿಗೆ ಹಾಕಿಕೊಂಡೆ. ಮಿಶ್ರಣದ ಸ್ಕ್ರೂವನ್ನು ಪೂರ್ತಿ ಮುಚ್ಚಿ ಒಂದೂವರೆ ಸುತ್ತು ಬಿಚ್ಚು ಎಂದು ವಿಡಿಯೋ ಹೇಳಿತು. ಮೈಲೇಜು ಹೆಚ್ಚಬೇಕಲ್ಲ, ನಾನು ಮುಕ್ಕಾಲು ಸುತ್ತಿಗೇ ನಿಲ್ಲಿಸಿದೆ. ಕಿಕ್ ಹೊಡೆದೆ. ಎಂಜಿನ್ ಹುಲಿ ಹೊಕ್ಕ ದನದ ಹಟ್ಟಿಯಂತೆ ಒದರಿತು. ವಾಚ್‌ಮನ್ ಬೆಂಕಿ ಬಿತ್ತೆಂದು ಮರಳಿನ ಬಕೆಟ್ ಹಿಡಿದು ಓಡಿಬಂದ. ಇನ್ನೊಂದು ಸ್ಕ್ರೂ ತಿರುವಿ ಸದ್ದಡಗಿಸಿ, ವಿಜಯಿಯಾಗಿ ಮೇಲೆ ಹೋಗಿ ಬಿಳಿ ಅಂಗಿ ತೊಟ್ಟು ಬಂದೆ.

ಸುಮಂಗಲಾ ಆರತಿ ತಟ್ಟೆಯ ಚೀಲ ಹಿಡಿದು ಹಿಂದೆ ಕೂತಳು. ಕುಕಟ್‌ಪಲ್ಲಿ ದಾಟುವವರೆಗೆ ಗಾಡಿ ಬಾಣದಂತೆ ಹೋಯಿತು, ನಡುನಡುವೆ ‘ಪಟ್’ ಎಂದು ಪಟಾಕಿ ಹೊಡೆಯಿತು, ಅಷ್ಟೇ.

“ಇದೇನು ಸಪ್ಪಳ?”

“ತಾಕತ್ತು. ಟ್ಯೂನ್ ಆದ ಗಾಡಿ ಹಂಗ ಗುಡಗತೈತಿ.”

“ಸೀಟೂ ಬಿರುಸಾಗೇತಿ.”

“ಎಲ್ಲಾ ಹೊಸಾದ ಆಗೇತಿ,” ಎಂದೆ. ಆ ಮಾತು ಮುಗಿಯುವುದಕ್ಕೂ ಬಾಲಾನಗರದ ಸಿಗ್ನಲ್ಲಿನಲ್ಲಿ ಒಬ್ಬ ಎಸ್ಸೈ ಕೈ ಅಡ್ಡ ಹಿಡಿಯುವುದಕ್ಕೂ ಸರಿಹೋಯಿತು. ಪಟಾಕಿಯ ಸದ್ದು ಅವರಿಗೂ ಕೇಳಿಸಿತ್ತು.

“ಬಂಡಿ ಮೀದೇನಾ?” ಗಾಡಿ ನಿಮ್ಮದೇನಾ ಎಂದರು ತೆಲುಗಿನಲ್ಲಿ.

ಹೌದೆಂದು ನಾನು ಮೊಬೈಲಿನಲ್ಲಿದ್ದ ಆರ್‌ಸಿ ತೋರಿಸಿದೆ. ಅವರು ಆರ್‌ಸಿ ನೋಡಿದರು, ಗಾಡಿಯ ಹಿಂದೆ ಹೋಗಿ ನಂಬರ್ ನೋಡಿದರು, ನನ್ನ ಮುಖ ನೋಡಿದರು. ಕೈಯಲ್ಲಿದ್ದ ಯಂತ್ರ ಒತ್ತಿ ಕೇಳಿದರು: ನಿಮ್ಮ ಹೆಸರು ಅಮರಯ್ಯನಾ?

ಓಡಿಹೋಗಿ ನಂಬರ್ ಪ್ಲೇಟ್ ನೋಡಿದೆ. ನನ್ನದು ಎಪ್ಪತ್ತೊಂದಕ್ಕೆ ಮುಗಿಯುತ್ತದೆ, ಅಲ್ಲಿ ಇದ್ದದ್ದು ಹದಿನೇಳು. ಕಣ್ಣುಜ್ಜಿ ನೋಡಿದರೂ ಹದಿನೇಳೇ.

“ಸರ್, ಇದು ನನ್ನದೇ. ಮುಂಜಾನೆಯಿಂದ ನಾಲ್ಕು ತಾಸು ಇದರ ಹೊಟ್ಟೆಯೊಳಗೆ ಕೈ ಹಾಕಿ ಕೂತಿದ್ದೆ,” ಎಂದು ನನಗೆ ಬಂದ ತೆಲುಗಿನಲ್ಲಿ ಬೇಡಿಕೊಂಡೆ. ಅದು ನನ್ನ ಮೇಲಿನ ಅನುಮಾನವನ್ನು ಹೆಚ್ಚಿಸಿತೇ ಹೊರತು ಕಡಿಮೆ ಮಾಡಲಿಲ್ಲ. ಎಸ್ಸೈ ಗಾಡಿಯ ಕೀಲಿ ಕಿತ್ತುಕೊಂಡರು.

ಸುಮಂಗಲಾ ತನ್ನ ಫೋನಿನಿಂದ ಅಮರಯ್ಯನವರಿಗೆ ಕರೆ ಮಾಡಿ, ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

“ಅಮರಯ್ಯಣ್ಣ, ನಿಮ್ಮ ಗಾಡಿ ಎಲ್ಲೈತ್ರಿ?”

“ಎಲ್ಲಿರತೈತ್ರಿ ಅಕ್ಕಾರ, ಮೂಸಾಪೇಟದಾಗ ಅದರ ಮ್ಯಾಲ ಕುಂತ ಚಾ ಕುಡ್ಯಾಕತ್ತೀನಿ.”

“ಸ್ವಲ್ಪ ಇಳದು ನಂಬರ್ ನೋಡ್ರಿ.”

ಚಾದ ಗ್ಲಾಸು ಕೆಳಗಿಟ್ಟ ಸದ್ದು ಕೇಳಿಸಿತು. ಆಮೇಲೆ ಅಮರಯ್ಯ ಚೀರಿದರು. “ಅಕ್ಕಾರ, ಯಾವನೋ ನನ್ನ ಗಾಡಿಗೆ ಬ್ಯಾರೆ ನಂಬರ್ ಪ್ಲೇಟ್ ಬಡದಾನ್ರಿ.”

ಹದಿನೈದು ನಿಮಿಷದಲ್ಲಿ ಅಮರಯ್ಯ ನನ್ನ ಬೈಕಿನ ಮೇಲೆ ಬಂದಿಳಿದರು. ವಾಚ್‌ಮನ್ ನೆಲ ತೊಳೆದ ಮೇಲೆ ಗಾಡಿಗಳನ್ನು ಅದಲುಬದಲು ನಿಲ್ಲಿಸಿದ್ದ. ಎಸ್ಸೈ ಎರಡೂ ಕೀಲಿಗಳನ್ನು ಎರಡೂ ಗಾಡಿಗೆ ಹಾಕಿ ತಿರುಗಿಸಿದರು. ಸವೆದ ಬೀಗಗಳು ಭೇದಭಾವ ಮಾಡಲಿಲ್ಲ. ಅವರಿಗೆ ನಗು ತಡೆಯಲಾಗಲಿಲ್ಲ, ಕಾಗದ ನೋಡಿ ಬಿಟ್ಟುಬಿಟ್ಟರು.

ನನಗೆ ಇನ್ನೊಂದು ಆಘಾತ ಕಾದಿತ್ತು. ನನ್ನ ಬೈಕು ಅಮರಯ್ಯನವರ ಕೆಳಗೆ ಹೊಗೆಯಿಲ್ಲದೆ, ಜೇನು ಗುಂಯ್‌ಗುಟ್ಟುವ ಹಾಗೆ ನಡೆಯುತ್ತಿತ್ತು.

“ಮುಂಜಾನಿ ಭಾಳ ಹೊಗಿ ಕಾರಾಕತ್ತಿತ್ರಿ ಸರ,” ಎಂದರು ಅಮರಯ್ಯ. “ನಿನ್ನೆರ ಸರ್ವಿಸ್ ಮಾಡಿಸೀನಿ, ಇವತ್ತ್ಯಾಕ ಹಿಂಗಾತು ಅಂತ ಮೆಕಾನಿಕ್‌ನ ಮನೀಗೇ ಹಿಡಕೊಂಡು ಹೋದೆ. ಚೋಕ್ ಅರ್ಧ ಎದ್ದಿತ್ತು. ಅಂವ ಒಂದು ಬೆರಳಲೆ ಕೆಳಗ ಒತ್ತಿದ, ಸುದ್ದ ಆತು.”

ಚಳಿಗೆ ಗಾಡಿ ಏಳಲಿಲ್ಲವೆಂದು ಸಂಕ್ರಾಂತಿಯ ಮುಂಜಾನೆ ಆ ಚೋಕಿನ ಕಡ್ಡಿ ಎತ್ತಿದವನು ನಾನೇ. ಕೆಳಗಿಳಿಸುವುದನ್ನು ಮರೆತವನೂ ನಾನೇ. ಆ ದಿನದಿಂದ ನನ್ನ ಗಾಡಿ ಬೇಡದಷ್ಟು ಪೆಟ್ರೋಲು ಕುಡಿಯುತ್ತಿತ್ತು. ಅದನ್ನು ಬಿಟ್ಟು, ನಿನ್ನೆಯಷ್ಟೇ ಸರ್ವಿಸ್ ಆಗಿದ್ದ ಬಡವನ ಗಾಡಿಯನ್ನು ನಾನು ನಾಲ್ಕು ತಾಸು ಉದ್ಧಾರ ಮಾಡಿದ್ದೆ.

ಅಮರಯ್ಯ ತಮ್ಮ ಗಾಡಿಗೆ ಕಿಕ್ ಹೊಡೆದರು. ಏಳಲಿಲ್ಲ. ನಾನು ಹೊಡೆದೆ. ಎಸ್ಸೈ ಕೂಡ ಎರಡು ಸಲ ಹೊಡೆದು ನೋಡಿದರು. ‘ಪಟ್’ ಎಂಬ ಸದ್ದೂ ಬರಲಿಲ್ಲ.

ಹನ್ನೊಂದೂ ಮುಕ್ಕಾಲಾಗಿತ್ತು. ಸುಮಂಗಲಾಳ ಕಣ್ಣಲ್ಲಿ ನೀರು ತುಂಬಿತ್ತು. ಅದನ್ನು ನೋಡಿದಾಗ ಮಾತ್ರ ನನಗೆ ನಿಜವಾಗಿ ನಾಚಿಕೆಯಾಯಿತು.

“ನಮ್ಮ ಗಾಡಿ ಮ್ಯಾಲ ಹೋಗೂಣ ನಡಿ,” ಎಂದೆ ಮೆಲ್ಲಗೆ.

“ಮತ್ತ ಇವರ ಗಾಡಿ? ಕೆಡಿಸಿ ರಸ್ತಾದಾಗ ಬಿಟ್ಟು ಹೋಗೂದೇನು?” ಎಂದು ಅವಳು ಅಮರಯ್ಯನವರ ಕಡೆ ತಿರುಗಿದಳು. “ಅಣ್ಣಾ, ನನ್ನ ಬಿಟ್ಟು ಬರ್ರಿ. ಬಿಚ್ಚಿದವರು ದೂಡಿಕೊಂಡು ಬರ್ತಾರ.”

ಅವರಿಬ್ಬರೂ ನನ್ನ ಗಾಡಿಯ ಮೇಲೆ ಹೊರಟುಹೋದರು. ನಾನು ದೂಡತೊಡಗಿದೆ. ಭಾನುವಾರವೆಂದು ದಾರಿಯ ಗ್ಯಾರೇಜುಗಳೆಲ್ಲ ಮುಚ್ಚಿದ್ದವು. ಪ್ರತಿ ಅರ್ಧ ಕಿಲೋಮೀಟರಿಗೆ ನಿಂತು ಒಂದು ಸ್ಕ್ರೂ ತಿರುವಿದೆ, ಬಿಳಿ ಅಂಗಿಗೆ ಕೈ ಒರೆಸಿದೆ.

ಜೀಡಿಮೆಟ್ಲಾದ ಹೊಸ ಮನೆ ಮುಟ್ಟಿದಾಗ ಎರಡು ಗಂಟೆ. ಆರತಿ ಸರಿಯಾದ ಹೊತ್ತಿಗೇ ಆಗಿತ್ತೆಂದು ಹೊಸ್ತಿಲ ಮೇಲಿನ ಕುಂಕುಮದ ನೀರು ನೋಡಿ ತಿಳಿಯಿತು. ಬಾಗಿಲಲ್ಲಿ ಭಾಗ್ಯಶ್ರೀಯ ಗಂಡನ ಸೋದರತ್ತೆ ಸೂಗಮ್ಮ ಕೂತಿದ್ದರು. ಅವರು ನನ್ನನ್ನು ಎಂದೂ ನೋಡಿದವರಲ್ಲ.

“ಗಾಡಿ ಗೇಟಿನ ಹೊರಗ ನಿಂದರಸಪಾ ತಮ್ಮಾ. ಹಸದೀಯೇನು?”

“ಅಮ್ಮಾ, ನಾ ಸುಮಂಗಲಾನ ಗಂಡ.”

ಮುದುಕಿ ನನ್ನ ಅಂಗಿ ನೋಡಿ, ಒಳಗೆ ಮೊದಲ ಪಂಕ್ತಿಯಲ್ಲಿ ಹೆಗಲ ಮೇಲೆ ಹೊಸ ಟಾವೆಲ್ ಹೊದೆದು ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಿದ್ದ ಅಮರಯ್ಯನವರನ್ನು ನೋಡಿದರು.

“ಅಕಿ ಗಂಡ ಆಗಳೆ ಬಂದು ಊಟಕ್ಕ ಕುಂತಾನಲ್ಲೋ. ಅಕಿನ್ನ ಗಾಡಿ ಮ್ಯಾಲ ಕರಕೊಂಡು ಬಂದಾನ,” ಎಂದವರೇ ಒಳಗೆ ಮುಖ ಮಾಡಿ ಕೂಗಿದರು. “ಸುಮಂಗಲಾ, ಬಾ ಇಲ್ಲಿ. ಯಾವನೋ ಮೆಕಾನಿಕ್ ಬಂದು ನಿನ್ನ ಗಂಡ ಅನಾಕತ್ತಾನ.”

ಪಂಕ್ತಿಯೆಲ್ಲ ತಿರುಗಿ ನೋಡಿತು. ಸುಮಂಗಲಾ ಸಾರಿನ ಸೌಟು ಹಿಡಿದುಕೊಂಡೇ ಬಂದು ನನ್ನನ್ನು ತಲೆಯಿಂದ ಕಾಲಿನವರೆಗೆ ದಿಟ್ಟಿಸಿದಳು.

“ಮೆಕಾನಿಕ್ ಅಲ್ರಿ ಅತ್ತಿ,” ಎಂದಳು.

ನನಗೆ ಹೋದ ಜೀವ ಬಂದಂತಾಯಿತು.

“ಮೆಕಾನಿಕ್ ಆಗಿದ್ದರ ಗಾಡಿ ಹತ್ತಿ ಬರತಿದ್ರು.”